ಓರೆಗೋಪುರದ ಲಿಬುಶೆ

ಲಿಬುಶೆ ಮೊದಲ ಸಲ ಆ ಸಂಗೀತ ಕೇಳಿದ್ದು ಜಗಳ ಕಾಯಲು ಹೋಗಿ.

ಆಗ ಅವಳಿಗೆ ಇಪ್ಪತ್ತಮೂರು. ಪೋಲೆಂಡ್ ಗಡಿಯಂಚಿನ ಕಲ್ಲಿದ್ದಲ ಊರು ಕಾರ್ವಿನಾದಲ್ಲಿ ಗಣಿಯವರಿಗೆಂದು ಕಟ್ಟಿಸಿದ ಬಹುಮಹಡಿ ಮನೆಗಳ ಸಾಲಿನಲ್ಲಿ ಗಂಡ ಬೋಹುಶ್ ಜೊತೆ ಹೊಸದಾಗಿ ಸಂಸಾರ ಹೂಡಿದ್ದಳು. ಬೋಹುಶ್ ಬಸ್ ಡ್ರೈವರ್. ಲಿಬುಶೆ ಬಾವುಟ ಹೊಲಿಯುವ ಕಾರ್ಖಾನೆಯಲ್ಲಿ ಕಸೂತಿ ಕೆಲಸದವಳು. ಒಂದು ಶನಿವಾರ ಮಧ್ಯಾಹ್ನ ಕಡುಬು ಬೇಯಲು ಇಟ್ಟು ಇನ್ನಷ್ಟು ಹಿಟ್ಟು ನಾದುತ್ತಿದ್ದಳು, ತೂಗುದೀಪ ಅಲ್ಲಾಡತೊಡಗಿತು. ನಮ್ಮೂರಲ್ಲಿ ದೀಪ ಅಲ್ಲಾಡಿದರೆ ಯಾರೂ ಹೆದರುವುದಿಲ್ಲ. ಮುತ್ತಜ್ಜಂದಿರ ಕಾಲದಿಂದ ಕಲ್ಲಿದ್ದಲು ತೆಗೆದು ತೆಗೆದು ನೆಲವೆಲ್ಲ ಟೊಳ್ಳು. ಆಗಾಗ ಭೂಮಿ ಮಗ್ಗುಲು ಬದಲಿಸುತ್ತದೆ, ಗೋಡೆ ಬಿರುಕು ಬಿಡುತ್ತದೆ, ಸುಣ್ಣ ಬಳಿದರೆ ಮುಗಿಯಿತು. ಹಳೇ ಚರ್ಚಂತೂ ಕುಡಿದವನ ಹಾಗೆ ಒಂದು ಕಡೆ ವಾಲಿಕೊಂಡೇ ಇದೆ. ಆದರೆ ಅವತ್ತಿನ ನಡುಕ ನಿಲ್ಲಲೇ ಇಲ್ಲ. ಅದಕ್ಕೊಂದು ತಾಳವೂ ಇತ್ತು.

ಹಿಟ್ಟಿನ ಕೈಯಲ್ಲೇ ಕೆಳಗಿನ ಮಹಡಿಗೆ ಇಳಿದು ಬಾಗಿಲು ಬಡಿದಳು. ತೆಗೆದವನು ಓಲ್ಡಾ, ಗಣಿ ಕೆಲಸದವನು, ಸಣಕಲು ಆಳು. ಎಷ್ಟು ತೊಳೆದರೂ ಹೋಗದ ಕಲ್ಲಿದ್ದಲ ಗೆರೆ ಅವನ ಕಣ್ಣಿಗೆ ಕಾಡಿಗೆ ತೀಡಿದಂತೆ ಅಂಟಿಕೊಂಡಿತ್ತು. ಕೈಯಲ್ಲಿ ಡ್ರಮ್ ಬಾರಿಸುವ ಕೋಲು.

"ಏನ್ರೀ ಇದು? ಮೇಲೆ ಜನ ಇದಾರೆ ಅನ್ನೋದು ಗೊತ್ತಿದ್ಯಾ ನಿಮ್ಗೆ?"

"ಗೊತ್ತು. ಅದಕ್ಕೇ ಟವೆಲ್ ಹೊದಿಸಿ ಬಾರಿಸ್ತಿದೀನಿ."

"ಇದು ಟವೆಲ್ ಹೊದಿಸಿದ್ದಾ?"

"ತೆಗೆದ್ರೆ ಹೆಂಗಿರುತ್ತೆ, ಕೇಳ್ತೀರಾ?"

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಒಳಗೆ ಮಂಚದ ಮೇಲೆ ರಾದೋವನ್ ಗಿಟಾರ್ ಹಿಡಿದು ಕೂತಿದ್ದ. ಬಿಯರ್ ಬಾಟಲಿಯ ಪೆಟ್ಟಿಗೆಯ ಮೇಲೆ ಮಾತೇ ಆಡದ ವಿಲೇಮ್ ತನಗಿಂತ ಉದ್ದದ ಬೇಸ್ ಗಿಟಾರ್ ತಬ್ಬಿಕೊಂಡಿದ್ದ. ಓಲ್ಡಾ ಟವೆಲ್ ಎಳೆದ. ಬ್ರೇಕ್ ಹೋದ ಬಸ್ಸು ಇಳಿಜಾರಿನಲ್ಲಿ ಹೊರಟಿದೆ, ಡ್ರೈವರ್ ಮಾತ್ರ ಹಿಂದಕ್ಕೆ ತಿರುಗಿ ನಗುತ್ತಿದ್ದಾನೆ, ಹಾಗಿತ್ತು ಅದು. ತನಗೆ ಆಗುತ್ತಿರುವುದು ಹೆದರಿಕೆಯೋ ಖುಷಿಯೋ ಲಿಬುಶೆಗೇ ತಿಳಿಯಲಿಲ್ಲ. ಹಾಡು ಗಕ್ಕನೆ ನಿಂತಾಗ ಅವಳ ಹಿಟ್ಟಿನ ಬೆರಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಮನೆಗೆ ಬಂದಾಗ ಬೇಯಲು ಇಟ್ಟಿದ್ದ ಕಡುಬು ನೀರಲ್ಲಿ ಕರಗಿ ಅಂಟಾಗಿತ್ತು.

"ಜಗಳ ಆಡಿದ್ಯಾ?" ಕೇಳಿದ ಬೋಹುಶ್.

"ಆಡ್ದೆ."

"ಏನಂದ್ರು?"

"ಇನ್ನೊಂದ್ಸಲ ಬಾರಿಸ್ತೀವಿ ಅಂದ್ರು."

ಬೋಹುಶ್ ತುತ್ತೂರಿ ಬ್ಯಾಂಡಿನ ಭಕ್ತ. ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಊದುವಾದ್ಯದವರು ಪೋಲ್ಕಾ ಶುರುಮಾಡಿದರೆ ಅವನ ಚಮಚವೂ ಕುಣಿಯುತ್ತಿತ್ತು. ಕೆಳಗಿನವರದ್ದು ಥ್ರ್ಯಾಶ್ ಮೆಟಲ್ ಎಂಬ ಸಂಗೀತ ಎಂದು ಹೆಂಡತಿ ಹೇಳಿದಾಗ, "ಅದಕ್ಕೆ ಹೆಸರು ಬೇರೆ ಇಟ್ಟಿದಾರಾ? ಗೇರ್‌ಬಾಕ್ಸ್ ಹಾಳಾದ್ರೆ ಅದೇ ಸದ್ದು ಕಣೇ," ಎಂದ. ಆದರೂ ಓಲ್ಡಾ ಕೊಟ್ಟ ಕ್ಯಾಸೆಟ್ ಅವಳು ಹಾಕಿದಾಗ ನಿಲ್ಲಿಸು ಎನ್ನಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಪತ್ರಿಕೆ ಓದುತ್ತಿದ್ದ.

ಆ ಕ್ಯಾಸೆಟ್ಟುಗಳು ಗಡಿಯಾಚೆಯ ಪೋಲೆಂಡ್ ರೇಡಿಯೋದಿಂದ ಹಿಡಿದವು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಇಳಿದು, ಹಾಡಿಗಿಂತ ಜಾಸ್ತಿ ಜರಡಿ ಆಡಿಸಿದಂಥ ಸದ್ದು. ನಡುವೆ ಯಾರದ್ದೋ ಮನೆಯ ನಾಯಿಯೂ ಬೊಗಳುತ್ತಿತ್ತು. ಅಮೆರಿಕದ ದೊಡ್ಡ ತಂಡಗಳನ್ನು ಎಲ್ಲರೂ ಹೊಗಳುವವರೇ. ಲಿಬುಶೆಯ ಮನಸ್ಸು ಹೋದದ್ದು ಹೆಸರಿಲ್ಲದವರ ಕಡೆಗೆ: ಪೋಲೆಂಡಿನ ಯಾವುದೋ ಉಕ್ಕಿನ ಊರಿನವರು, ನಾಲ್ಕು ಹಾಡು ಮಾಡಿ ಸೈನ್ಯದ ಕರೆ ಬಂದು ಚದುರಿದ ಹುಡುಗರು, ಸ್ಲೊವಾಕಿಯಾದ ಒಂದು ತಂಡ, ಅದರ ಹಾಡುಗಾರ ಹಗಲು ಹೊತ್ತು ಹಾಲು ಹಂಚುತ್ತಿದ್ದನಂತೆ. "ದೊಡ್ಡವ್ರನ್ನ ಲೋಕವೇ ನೋಡ್ಕೊಳ್ಳುತ್ತೆ," ಎನ್ನುವಳು. "ಇವ್ರನ್ನ ನಾವು ಬಿಟ್ರೆ ಯಾರಿದಾರೆ?"

ಕೆಳಮನೆಯವರ ತಂಡದ ಹೆಸರು ಓರೆಗೋಪುರ. ಅದನ್ನು ಜೀನ್ಸ್ ಜಾಕೆಟ್ಟಿನ ಬೆನ್ನಿಗೆ ಮೊದಲು ಹೊಲಿದವಳೂ ಲಿಬುಶೆಯೇ. ಅಂಥ ಪಟ್ಟಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹುಡುಗರು ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು, ಮಳೆಗೆ ಶಾಯಿ ಇಳಿದು ಬೆನ್ನೆಲ್ಲ ನೀಲಿ. ಅವಳು ಬಾವುಟದ ಕತ್ತರಿ ಚೂರುಗಳನ್ನು ತಂದು, ಮಿಂಚಿನಂತೆ ಮೊನೆಮೊನೆಯಾದ ಅಕ್ಷರಗಳನ್ನು ಬಂಗಾರದ ದಾರದಲ್ಲಿ ಕಸೂತಿ ಮಾಡಿದಳು. ರಾದೋವನ್ ಅದನ್ನು ತೊಟ್ಟು ಬಿಯರ್ ಅಂಗಡಿಗೆ ಹೋದದ್ದೇ ತಡ, ಮರುವಾರ ಅವಳ ಮನೆಯ ಮೆಟ್ಟಿಲ ಮೇಲೆ ಜಾಕೆಟ್ ಹಿಡಿದ ಉದ್ದಗೂದಲ ಗಂಡಸರ ಸಾಲು. ಪಕ್ಕದ ಮನೆಯಾಕೆ ಬೋಹುಶ್‌ನನ್ನು ತಡೆದು ಕೇಳಿದಳಂತೆ, "ಏನಪ್ಪಾ, ನಿನ್ನ ಹೆಂಡ್ತಿ ಕ್ಷೌರದಂಗಡಿ ಇಟ್ಲಾ?"

ಹೊಲಿಗೆಯ ಕೈ ಅಭ್ಯಾಸಬಲದ್ದು. ಒಂದು ಮೇ ದಿನಾಚರಣೆಗೆ ಅವಳಿಗೆ ಕೆಂಪು ಮಖಮಲ್ಲಿನ ದೊಡ್ಡ ಬಾವುಟ ಕೊಟ್ಟರು, ನಡುವೆ 'ಶಾಂತಿ' ಎಂದು ಬರೆಯಬೇಕು. ಮನಸ್ಸು ಎಲ್ಲಿತ್ತೋ. ಮುಗಿಸಿ ಹರಡಿದಾಗ ಪ್ರತಿ ಅಕ್ಷರದ ತುದಿಯಲ್ಲೂ ಮಿಂಚು, ಚೂರಿ, ಮುಳ್ಳು. ಮೇಲ್ವಿಚಾರಕಿ ವ್ಲಾಸ್ತಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಲಿಬುಶೆ, ಇದು ಶಾಂತಿನಾ, ಮೂರನೇ ಮಹಾಯುದ್ಧನಾ?"

ಇಡೀ ಕೋಣೆ ನಕ್ಕಿತು. ವ್ಲಾಸ್ತಾ ನಗಲಿಲ್ಲ. ಹೊಲಿಗೆಯನ್ನೆಲ್ಲ ಬಿಚ್ಚಿಸಿ, ವರ್ಷ ಪೂರ್ತಿ ಅವಳನ್ನು ಬಾವುಟದ ಅಂಚಿಗೆ ಕುಚ್ಚು ಕಟ್ಟುವ ಕೆಲಸಕ್ಕೆ ಹಾಕಿದಳು. ಆದರೆ ಮೇಲಿನವರಿಗೆ ಹೇಳಲಿಲ್ಲ. ಹೇಳಿದ್ದರೆ ಕೆಲಸವೇ ಹೋಗುತ್ತಿತ್ತು.

ಆ ಕಾಲದಲ್ಲಿ ಯಾವ ತಂಡವಾದರೂ ವೇದಿಕೆ ಹತ್ತಬೇಕೆಂದರೆ ಕಮ್ಯುನಿಸ್ಟ್ ಸರ್ಕಾರದ ಸಮಿತಿಯೆದುರು ಬಾರಿಸಿ ಒಪ್ಪಿಗೆ ಪಡೆಯಬೇಕಿತ್ತು. ಓರೆಗೋಪುರದ ಸರದಿ ಬಂದ ದಿನ ಲಿಬುಶೆ ಮೂವರ ಉದ್ದಗೂದಲನ್ನೂ ಅಂಗಿಯ ಕಾಲರ್ ಒಳಗೆ ತುರುಕಿ ಗುಂಡುಸೂಜಿ ಚುಚ್ಚಿ ಕಳಿಸಿದಳು. ತಾನು ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಳು.

"ಓರೆಗೋಪುರ ಅಂದ್ರೆ ನಮ್ಮೂರ ಚರ್ಚಾ?" ಒಳಗೆ ಸಮಿತಿಯ ಹಿರಿಯನ ದನಿ.

"ಅಲ್ಲ ಕಾಮ್ರೇಡ್, ಇಟಲಿಯ ಪಿಸಾ ಗೋಪುರ," ಎಂದ ರಾದೋವನ್.

"ಬಂಡವಾಳಶಾಹಿ ದೇಶದ ಗೋಪುರ ನಮಗ್ಯಾಕೆ?"

ಆಗ ತಿಂಗಳಿಗೊಂದು ಮಾತಾಡುವ ವಿಲೇಮ್ ಬಾಯಿಬಿಟ್ಟ. "ಅಲ್ಲಿರೋದೆಲ್ಲ ಬೀಳೋ ಹಂಗಿದೆ ಅಂತ ತೋರಿಸೋಕೆ, ಕಾಮ್ರೇಡ್."

ಹೆಸರು ಪಾಸಾಯಿತು. ಇನ್ನು ಹಾಡು. ಅವರ ಒಳ್ಳೆಯ ಹಾಡಿನ ಹೆಸರು 'ಬಿರುಕು'. ನಮ್ಮ ಗೋಡೆ, ನಮ್ಮ ರಸ್ತೆ, ನಮ್ಮ ಕಾಲಡಿಯ ಟೊಳ್ಳಿನ ಮೇಲೆಯೇ ಬರೆದದ್ದು. ಯಾವ ಬಿರುಕು ಎಂದು ಕೇಳಿದ್ದಕ್ಕೆ ಪ್ರೇಮದ ಬಿರುಕು ಎಂದರಂತೆ. ಅದೂ ಪಾಸು.

ಗಣಿ ಕಾರ್ಮಿಕರ ಸಂಸ್ಕೃತಿ ಭವನದಲ್ಲಿ ಮೊದಲ ಕಾರ್ಯಕ್ರಮ. ಮಖಮಲ್ಲಿನ ಕುರ್ಚಿಗಳು, ಏಳಬಾರದು, ಕೂಗಬಾರದು. ಸಾಲಿನ ತುದಿಯಲ್ಲಿ ಟಾರ್ಚ್ ಹಿಡಿದ ಅಜ್ಜಿಯರ ಕಾವಲು. 'ಬಿರುಕು' ಶುರುವಾಗುವುದು ಬೇಸ್ ಒಂದರಿಂದಲೇ. ಬೇರೆ ಏನೂ ಇಲ್ಲ, ವಿಲೇಮನ ದಪ್ಪ ತಂತಿ ಮಾತ್ರ, ನೆಲದಡಿಯಲ್ಲಿ ಯಾರೋ ಭಾರವಾದ ಪೆಟ್ಟಿಗೆ ಎಳೆದಂತೆ. ಆಮೇಲೆ ಡ್ರಮ್ಮು ನುಗ್ಗುತ್ತದೆ. ನುಗ್ಗಿದ್ದೇ ಲಿಬುಶೆ ಎದ್ದು ನಿಂತಳು. ಇಡೀ ಸಭೆಯಲ್ಲಿ ಅವಳೊಬ್ಬಳೇ. ಮುಖಕ್ಕೆ ಟಾರ್ಚ್ ಬೆಳಕು ಬಿತ್ತು.

"ಕೂತ್ಕೊಳ್ಳೇ ಹುಡುಗಿ!"

"ಆಗ್ತಿಲ್ಲ ಅಜ್ಜಿ, ಕಾಲು ನನ್ನ ಮಾತು ಕೇಳ್ತಿಲ್ಲ!"

ಪಕ್ಕದವನು ಎದ್ದ. ಅವನ ಹಿಂದಿನ ಸಾಲು ಎದ್ದಿತು. ಟಾರ್ಚುಗಳು ಎಷ್ಟೆಂದು ಸುತ್ತಿಯಾವು? ಕೊನೆಗೆ ಆ ಅಜ್ಜಿ ದೀಪ ಆರಿಸಿ, ಕಿವಿ ಮುಚ್ಚಿಕೊಂಡು ಖಾಲಿ ಕುರ್ಚಿಯೊಂದರಲ್ಲಿ ತಾನೇ ಕೂತಳು.

ಮುಂದಿನ ಕೆಲವು ವರ್ಷಗಳನ್ನು ಲಿಬುಶೆ ಈಗಲೂ ಬಾಯಿ ಚಪ್ಪರಿಸಿ ನೆನೆಯುತ್ತಾಳೆ. ಬೇರೆ ಊರಲ್ಲಿ ಕಾರ್ಯಕ್ರಮವಿದ್ದರೆ ಬೋಹುಶ್ ಬಸ್ಸು ಗೊತ್ತುಮಾಡುತ್ತಿದ್ದ, ಓಡಿಸುವವನೂ ಅವನೇ. ಒಳಗೆ ಬರುತ್ತಿರಲಿಲ್ಲ. ಬಸ್ಸಿನಲ್ಲೇ ಕೂತು ಬ್ರೆಡ್ಡು, ಉಪ್ಪಿನ ಸೌತೆಕಾಯಿ ತಿನ್ನುತ್ತ ಕಾಯುತ್ತಿದ್ದ. ಬೆವರಿನಲ್ಲಿ ತೊಯ್ದು ದನಿ ಸತ್ತು ಬಂದ ಹುಡುಗರು ಹಿಂದಿನ ಸೀಟುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆಹೋಗುವರು. ಲಿಬುಶೆ ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತು ಹರಿದ ತೋಳು ಹೊಲಿಯುವಳು.

"ಹೆಂಗಿತ್ತು?" ಅವನು ಕೇಳುವನು.

"ಚೆನ್ನಾಗಿತ್ತು ಕಣೋ. ಒಂದ್ಸಲ ಒಳಗೆ ಬಾರೋ."

"ಹೊರಗೇ ಕೇಳ್ತಿತ್ತು. ಗಾಜು ಅದುರ್ತಿತ್ತು."

ತೊಂಬತ್ತರ ಹೊತ್ತಿಗೆ ಆ ಸರ್ಕಾರ ಬಿದ್ದು ಗಡಿ ತೆರೆಯಿತು. ಸಮಿತಿ ಹೋಯಿತು, ಟಾರ್ಚಿನ ಅಜ್ಜಿಯರೂ ಹೋದರು. ಇನ್ನೇನು, ನಮ್ಮ ಕಾಲ ಬಂತು ಎಂದು ಓರೆಗೋಪುರದವರು ಹೊಸ ಕಂಪನಿಯೊಂದರಲ್ಲಿ ತಮ್ಮ ಹಾಡುಗಳ ಗ್ರಾಮಫೋನ್ ತಟ್ಟೆ ಮಾಡಿಸಿದರು. ಅದರ ಹೊದಿಕೆಗೆ ಲಿಬುಶೆ ಓರೆ ಚರ್ಚಿನ ಚಿತ್ರವನ್ನು ಕಪ್ಪು ಬಟ್ಟೆಯ ಮೇಲೆ ತಿಂಗಳುಗಟ್ಟಲೆ ಕೂತು ಕಸೂತಿ ಮಾಡಿಕೊಟ್ಟಳು. ಅಚ್ಚಾಗಿ ಬಂದದ್ದು ನೋಡಿದರೆ ಬರೀ ಕಪ್ಪು. ಮುದ್ರಣದವರು ಮಸಿ ಜಾಸ್ತಿ ಸುರಿದಿದ್ದರು, ಚರ್ಚೂ ಇಲ್ಲ, ಗೋಪುರವೂ ಇಲ್ಲ. ಆದರೆ ಯಾರೂ ಕೊಳ್ಳದಿರಲು ಅದು ಕಾರಣವಲ್ಲ. ಅಲ್ಲಿಯವರೆಗೆ ನಾಯಿ ಬೊಗಳುವ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಅಮೆರಿಕದವರು ಈಗ ಖುದ್ದಾಗಿ ಪ್ರಾಗ್‌ಗೆ ಬರುತ್ತಿದ್ದರು. ಓಲ್ಡಾನ ಡ್ರಮ್ಮು ಯಾರಿಗೆ ಬೇಕು? ಕಂಪನಿ ಮುಚ್ಚಿತು. ತಟ್ಟೆಗಳು ಸಂತೆಯಲ್ಲಿ ಪೋಲ್ಕಾ ತಟ್ಟೆಗಳ ಕೆಳಗೆ ಧೂಳು ತಿಂದವು. ಬಾವುಟದ ಕಾರ್ಖಾನೆಯೂ ಮುಚ್ಚಿತು. ಹೊಲಿಯಲು ಘೋಷಣೆಯೇ ಉಳಿದಿರಲಿಲ್ಲ. ಲಿಬುಶೆ ಮಾರುಕಟ್ಟೆ ಬೀದಿಯಲ್ಲಿ ಬಟ್ಟೆ ರಿಪೇರಿಯ ಪುಟ್ಟ ಅಂಗಡಿ ಇಟ್ಟಳು. ಮದುವೆ ಲಂಗ, ಶಾಲೆ ಚೀಲ, ಪ್ಯಾಂಟಿನ ಜಿಪ್ಪು.

ತಂಡ ಒಡೆದದ್ದು ಅವಳ ಕಣ್ಣೆದುರೇ. ರಾದೋವನ್ ಒಂದು ದಿನ, "ಕಾಲ ಬದಲಾಗಿದೆ, ಸ್ವಲ್ಪ ನಿಧಾನ ಮಾಡೋಣ, ಜನಕ್ಕೆ ಹಾಡೋಕೆ ಬರೋ ಹಾಗೆ," ಎಂದ.

"ನಿಧಾನಕ್ಕೆ ಬಾರಿಸೋದಾದ್ರೆ ಹೆಣದ ಮೆರವಣಿಗೆಗೆ ಹೋಗ್ತೀನಿ," ಎಂದ ಓಲ್ಡಾ. "ಅಲ್ಲಿ ಊಟನಾದ್ರೂ ಹಾಕ್ತಾರೆ."

"ಹೋಗು. ನಿನ್ನ ಕೈಗೆ ಅದೇ ಸರಿ."

ಕೋಲು ಗೋಡೆಗೆ ಬಿತ್ತು. ವಿಲೇಮ್ ತನ್ನ ಬೇಸನ್ನು ಚೀಲದಲ್ಲಿಟ್ಟು ಜಿಪ್ಪೆಳೆದು ಇಬ್ಬರ ಮುಖವನ್ನೂ ನೋಡಿ ಹೋಗಿಬಿಟ್ಟ. ರಾದೋವನ್ ಕೆಲಕಾಲ ಮದುವೆಮನೆಗಳಲ್ಲಿ ಕೀಬೋರ್ಡ್ ನುಡಿಸಿ, ಆಮೇಲೆ ಡ್ರೈವಿಂಗ್ ಶಾಲೆ ತೆರೆದ. ಓಲ್ಡಾ ಗಣಿಯಲ್ಲೇ ಉಳಿದ. ಒಂದೇ ಊರು, ಒಂದೇ ಬಿಯರ್ ಅಂಗಡಿ. ಇವನು ಬಂದರೆ ಅವನು ಎದ್ದ. ವಿಲೇಮ್ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಾಗ ಗುಂಡಿಯ ಆಚೆ ಒಬ್ಬ, ಈಚೆ ಒಬ್ಬ ನಿಂತರು. ಲಿಬುಶೆ ನಡುವೆ ನಿಂತು ಅತ್ತಳು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸರಿದವು.

ಅವಳು ಮಾತ್ರ ಆ ತಟ್ಟೆ ಕೇಳುವುದನ್ನು ಬಿಡಲಿಲ್ಲ. ಅಂಗಡಿಯಲ್ಲಿ ಹೊಲಿಗೆಯಂತ್ರದ ಪಕ್ಕ ಸದಾ ಸಣ್ಣಗೆ ಹಾಡುತ್ತಿತ್ತು. ಮದುಮಗಳ ತಾಯಂದಿರು ಮುಖ ಸಿಂಡರಿಸಿದರೆ, "ಇದು ಕೇಳಿದ್ರೇ ಸೂಜಿ ನೇರ ಓಡೋದು, ಇಲ್ಲಾಂದ್ರೆ ನಿಮ್ಮ ಮಗಳ ಲಂಗ ಸೊಟ್ಟ ಆಗುತ್ತೆ," ಎನ್ನುವಳು.

ಒಂದು ಶರತ್ಕಾಲದಲ್ಲಿ ಸುದ್ದಿ ಬಂತು: ಸಂಸ್ಕೃತಿ ಭವನದ ತಳ ಕುಸಿಯುತ್ತಿದೆ, ವಸಂತಕ್ಕೆ ಕೆಡವುತ್ತಾರೆ. ಅದಕ್ಕೆ ಮೊದಲು ಒಂದು ಭಾನುವಾರ ಮಧ್ಯಾಹ್ನ ಊರಿನವರಿಗೆಲ್ಲ ಕೊನೆಯ ಕಾರ್ಯಕ್ರಮ, ಯಾರು ಬೇಕಾದರೂ ಹಾಡಬಹುದು. ಲಿಬುಶೆ ಅವತ್ತೇ ಅಂಗಡಿ ಮುಚ್ಚಿ ರಾದೋವನನ ಡ್ರೈವಿಂಗ್ ಶಾಲೆಗೆ ಹೋದಳು. ಅವನು ಕಾರಿನಲ್ಲಿ ಕೂತು ಊಟ ಮಾಡುತ್ತಿದ್ದ. ಪಕ್ಕದ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

"ನೀವಿಬ್ರೂ ಬಾರಿಸ್ಬೇಕು."

"ಅವ್ನು ಕ್ಷಮೆ ಕೇಳ್ಲಿ, ನೋಡೋಣ."

"ಸಾಕು ಮಾಡೋ ರಾದೋವನ್! ವಿಲೇಮ್ ಹೋಗಾಯ್ತು. ಇನ್ಯಾರು ಹೋಗ್ಲಿ ಅಂತ ಕಾಯ್ತಿದೀಯಾ?"

ರಾದೋವನ್ ಚಮಚ ಕೆಳಗಿಟ್ಟ.

"ನಿಂಗೊಂದು ಹೇಳ್ತೀನಿ, ಅವ್ನಿಗೆ ಹೇಳ್ಬಾರ್ದು. ಜನಕ್ಕೋಸ್ಕರ ಅಲ್ಲ ಕಣೇ ನಿಧಾನ ಮಾಡೋಣ ಅಂದಿದ್ದು. ನನ್ನ ಮಣಿಕಟ್ಟು ಸೋತಿತ್ತು. ಆ ವೇಗಕ್ಕೆ ಕೈ ಹೋಗ್ತಿರ್ಲಿಲ್ಲ. ಓಲ್ಡಾ ಎದುರು ಅದನ್ನ ಹೆಂಗೆ ಹೇಳ್ಲಿ?"

ಹೇಳುವುದಿಲ್ಲ ಎಂದು ಲಿಬುಶೆ ಮಾತುಕೊಟ್ಟಳು. ಅಲ್ಲಿಂದ ಇಳಿದವಳು ನೆಟ್ಟಗೆ ಓಲ್ಡಾನ ಮನೆಗೆ ಹೋಗಿ ಒಂದಕ್ಷರ ಬಿಡದೆ ಹೇಳಿದಳು. ಓಲ್ಡಾ ಆಗ ನಿವೃತ್ತ. ಕೊರೆಯುವ ಯಂತ್ರ ಹಿಡಿದು ಹಿಡಿದು ಬೆರಳುಗಳು ಸತ್ತಂತಾಗಿ, ಚಳಿಗೆ ಮೇಣದಂತೆ ಬಿಳಿಚಿಕೊಳ್ಳುತ್ತಿದ್ದವು. ಕೇಳಿದವನು ಆ ಕೈಗಳನ್ನೇ ತಿರುಗಿಸಿ ನೋಡಿಕೊಂಡ.

"ಕತ್ತೆ," ಎಂದ. "ಹೇಳ್ಬಾರ್ದಿತ್ತಾ ಅವ್ನು? ನನ್ನ ಕೈಲೂ ಆಗ್ತಿರ್ಲಿಲ್ಲ ಲಿಬುಶೆ. ಪ್ರತಿ ಹಾಡಿಗೂ ಸತ್ತು ಬದುಕ್ತಿದ್ದೆ."

ಅಳಬೇಕೋ ನಗಬೇಕೋ ತಿಳಿಯದೆ ಲಿಬುಶೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಸುದ್ದಿ ಹಬ್ಬಿದ ವಾರವೇ ಅವಳ ಅಂಗಡಿಗೆ ಹಳೇ ಜಾಕೆಟ್ಟುಗಳು ಬರತೊಡಗಿದವು. ಉದ್ದಗೂದಲಿನ ಹುಡುಗರು ಈಗ ಬೋಳುತಲೆಯ ಹೊಟ್ಟೆವಂತರು. ಒಬ್ಬ ದಂತವೈದ್ಯ, ಒಬ್ಬ ಅಗ್ನಿಶಾಮಕ ದಳದವನು, ಇಬ್ಬರು ಅಜ್ಜಂದಿರು. ಒಬ್ಬನಿಗೂ ಗುಂಡಿ ಹಾಕಲಾಗುತ್ತಿಲ್ಲ.

"ಉಸಿರು ಎಳ್ಕೊಳೋ," ಎನ್ನುವಳು ಲಿಬುಶೆ, ಅಳತೆಪಟ್ಟಿ ಹಿಡಿದು.

"ಎಳ್ಕೊಂಡೇ ನಿಂತಿದೀನಿ."

"ಇಷ್ಟೂ ಬಿಯರೇನೋ ಇದು?"

ಪ್ರತಿಯೊಂದರ ಪಕ್ಕವನ್ನೂ ಬಿಚ್ಚಿ ಒಂದೊಂದು ಪಟ್ಟಿ ಬಟ್ಟೆ ಸೇರಿಸಿ ಅಗಲ ಮಾಡಿದಳು. ಬೆನ್ನಿನ ಬಂಗಾರದ ಅಕ್ಷರಗಳನ್ನು ಮಾತ್ರ ಮುಟ್ಟಲಿಲ್ಲ.

ಆ ಭಾನುವಾರ ಮೊದಲು ಶಾಲೆಯ ಮಕ್ಕಳು ಹಾಡಿದರು, ಪಿಂಚಣಿದಾರರ ಸಂಘದವರು ಹಾಡಿದರು. ಆಮೇಲೆ ಓಲ್ಡಾ ವೇದಿಕೆಯ ಪಕ್ಕದಲ್ಲಿ ಅವತ್ತು ಮೊದಲ ಸಲ ಒಳಗೆ ಬಂದಿದ್ದ ಬೋಹುಶ್ ತಂದ ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಅದ್ದಿ ಅದ್ದಿ ಬೆರಳಿಗೆ ಜೀವ ತಂದುಕೊಂಡ. ರಾದೋವನ್ ಗಿಟಾರ್ ಏರಿಸಿಕೊಂಡ. ಇಬ್ಬರೂ ಕೈಕುಲುಕಲಿಲ್ಲ, ತಬ್ಬಲಿಲ್ಲ. "ಶ್ರುತಿ ಸರಿಯಿದ್ಯಾ?" "ಇದೆ." ಅಷ್ಟೇ. ಎರಡು ಹಾಡು ಬಾರಿಸಿದರು. ಮೊದಲಿನ ವೇಗ ಇರಲಿಲ್ಲ, ಆದರೂ ಇದ್ದಂತೆಯೇ ಎಲ್ಲರಿಗೂ ಅನಿಸಿತು.

ಮೂರನೆಯದು 'ಬಿರುಕು'. ಬೇಸ್‌ನಿಂದ ಶುರುವಾಗಬೇಕಾದ ಹಾಡು. ಬೇಸ್ ಇಲ್ಲ. ಆ ಭಾಗ ಹಾರಿಸಿ ಡ್ರಮ್ಮಿನಿಂದಲೇ ಹೊರಡುವುದು ಎಂದು ಮಾತಾಗಿತ್ತು. ಆದರೆ ಓಲ್ಡಾ ಕೋಲೆತ್ತಿದವನು ಎತ್ತಿದ ಹಾಗೇ ಕೂತ. ರಾದೋವನ್ ವಿಲೇಮ್ ನಿಲ್ಲುತ್ತಿದ್ದ ಖಾಲಿ ಜಾಗದ ಕಡೆ ತಿರುಗಿ ನಿಂತ.

ಲಿಬುಶೆಯ ಪಕ್ಕದಿಂದ ಒಂದು ದನಿ ಹೊರಟಿತು. ಪೋಂ, ಪೋಂ, ಪೊಪೊಂ. ಅವಳು ತಿರುಗಿ ನೋಡಿದರೆ ಬೋಹುಶ್! ಎರಡೂ ಕಿವಿಯಲ್ಲಿ ಹತ್ತಿ, ಕಣ್ಣು ಮುಚ್ಚಿ, ದೊಡ್ಡ ತುತ್ತೂರಿ ಊದುವವನಂತೆ ಕೆನ್ನೆ ಉಬ್ಬಿಸಿ ವಿಲೇಮನ ಬೇಸನ್ನು ಹಾಡುತ್ತಿದ್ದ. ಒಂದು ಸ್ವರ ತಪ್ಪಿಲ್ಲ. ಬಸ್ಸಿನ ಗಾಜಿನಾಚೆಯಿಂದ, ಅಡುಗೆಮನೆಯ ಗೋಡೆಯಾಚೆಯಿಂದ ಎಷ್ಟು ಸಲ ಕೇಳಿದ್ದನೋ. ದಂತವೈದ್ಯ ದನಿಗೂಡಿಸಿದ, ಅಗ್ನಿಶಾಮಕದವನು ಸೇರಿದ, ಆಮೇಲೆ ಎಲ್ಲ ಜಾಕೆಟ್ಟುಗಳೂ. ಲಿಬುಶೆ ಗಂಡನ ತೋಳು ಹಿಡಿದುಕೊಂಡಳು. ಓಲ್ಡಾನ ಕೋಲು ಇಳಿಯಿತು, ಸಭೆ ಎದ್ದಿತು.

ಸಂಜೆ ಬಿಯರ್ ಅಂಗಡಿಯಲ್ಲಿ ಗೂಲಾಶ್ ಎಂಬ ಮಾಂಸದ ಸಾರು ತಿನ್ನುತ್ತ ಅವಳು ಗಂಡನನ್ನು ಕೇಳಿದಳು, "ಇಷ್ಟ ಇತ್ತು ಅಂತ ಒಂದು ಮಾತು ಹೇಳ್ಬಾರ್ದಿತ್ತೇನೋ?"

"ಇಷ್ಟ ಎಲ್ಲಿದೆ? ತಲೆಗೆ ಅಂಟ್ಕೊಂಡಿದೆ ಅಷ್ಟೇ," ಎಂದು ಬೋಹುಶ್ ಬ್ರೆಡ್ಡಿನಲ್ಲಿ ಸಾರು ಒರೆಸಿದ.

ಮೇಜಿನ ಆ ತುದಿಯಲ್ಲಿ ರಾದೋವನ್, ಓಲ್ಡಾ ಆಗಲೇ ಜಗಳ ಶುರುಮಾಡಿದ್ದರು. ಎರಡನೇ ಹಾಡಿನಲ್ಲಿ ನೀನು ತಾಳ ಮೀರಿ ಓಡಿದೆ ಎಂದು ಒಬ್ಬ, ನೀನು ಎಳೆದೆ ಎಂದು ಇನ್ನೊಬ್ಬ.

ಭವನವನ್ನು ಹೇಳಿದಂತೆ ವಸಂತದಲ್ಲಿ ಕೆಡವಿದರು. ಈಗ ಅಲ್ಲಿ ಹುಲ್ಲು ಬೆಳೆದಿದೆ, ಜನ ನಾಯಿ ಅಡ್ಡಾಡಿಸುತ್ತಾರೆ. ಓರೆಗೋಪುರ ಮತ್ತೆ ವೇದಿಕೆ ಹತ್ತಲಿಲ್ಲ. ಓಲ್ಡಾನ ಬೆರಳು ಬಿಡಲಿಲ್ಲ. ಆದರೆ ಗುರುವಾರಗಳಲ್ಲಿ ಇಬ್ಬರೂ ಲಿಬುಶೆಯ ಮನೆಗೆ ಇಸ್ಪೀಟು ಆಡಲು ಬರುತ್ತಾರೆ. ಅವಳು ಆ ವಾರ ಎಲ್ಲಿಂದಲೋ ಹುಡುಕಿದ, ಯಾರೂ ಕೇಳರಿಯದ ತಂಡದ ಹಾಡು ಹಾಕುತ್ತಾಳೆ, ಅವರಿಬ್ಬರೂ ಡ್ರಮ್ಮಿನ ಬಗ್ಗೆ ಕಿತ್ತಾಡುತ್ತಾರೆ. ಬೋಹುಶ್ ಎಲೆ ಹಂಚುತ್ತ, ಹಾಡಿನ ದನಿ ಸ್ವಲ್ಪ ಏರಿಸು, ಏನೂ ಕೇಳುತ್ತಿಲ್ಲ ಎನ್ನುತ್ತಾನೆ.